ಕೇಳದ ದನಿ ಕೇಳಿಸತೊಡಗಿದಾಗ: ಸ್ಕಿಜೋಫ್ರೇನಿಯಾ ಮತ್ತು ವಯನಾಡಿನ ಕನ್ನಡ ಮನೆಗಳು

ಪದವಿ ತರಗತಿಯಲ್ಲಿ ಓದುತ್ತಿರುವ ಹಿರಿಯ ಮಗ ಕಾಲೇಜಿಗೆ ಹೋಗುವುದನ್ನು ಮೆಲ್ಲನೆ ಬಿಡುತ್ತಾನೆ. ರಾತ್ರಿಯಿಡೀ ಎಚ್ಚರವಾಗಿದ್ದು, ಹಗಲು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಸ್ನಾನ ತಪ್ಪುತ್ತದೆ, ಊಟ ತಪ್ಪುತ್ತದೆ. ಒಬ್ಬನೇ ಇದ್ದಾಗ ಯಾರಿಗೋ ಉತ್ತರ ಕೊಡುವಂತೆ ತುಟಿಯಾಡಿಸುತ್ತಾನೆ. ಒಂದು ದಿನ ತಾಯಿ ಬಡಿಸಿದ ಅನ್ನವನ್ನು ದೂರ ಸರಿಸಿ, ಇದರಲ್ಲಿ ವಿಷ ಬೆರೆಸಿದ್ದಾರೆ ಎನ್ನುತ್ತಾನೆ. ಮನೆಯವರು ಮೊದಲು ಸೋಮಾರಿತನವೆಂದು ಗದರಿಸುತ್ತಾರೆ, ಆಮೇಲೆ ಕೆಟ್ಟ ಸಹವಾಸವೆಂದು ಶಂಕಿಸುತ್ತಾರೆ, ಕೊನೆಗೆ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುತ್ತಾರೆ. ವೈದ್ಯರ ಮುಂದೆ ಕುಳಿತುಕೊಳ್ಳುವ ಹೊತ್ತಿಗೆ ವರ್ಷವೇ ಉರುಳಿರುತ್ತದೆ.

ಇಂತಹ ಮನೆಗಳು ಎಲ್ಲ ಊರುಗಳಲ್ಲಿಯೂ ಇವೆ. ಆದರೆ ಕೇರಳದ ಗಡಿಯೊಳಗಿದ್ದು ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡಿರುವ ನಮ್ಮಂಥವರಿಗೆ ಇದರ ಮೇಲೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಮೂಳೆ ಮುರಿದರೆ ಎಕ್ಸ್‌ರೇ ತೋರಿಸುತ್ತದೆ, ಸಕ್ಕರೆ ಹೆಚ್ಚಿದರೆ ರಕ್ತಪರೀಕ್ಷೆ ಹೇಳುತ್ತದೆ. ಸ್ಕಿಜೋಫ್ರೇನಿಯಾವನ್ನು ಗುರುತಿಸಿಕೊಡುವ ರಕ್ತಪರೀಕ್ಷೆಯಾಗಲೀ ಸ್ಕ್ಯಾನ್ ಆಗಲೀ ಇಲ್ಲ. ರೋಗಿಯ ಮಾತು ಮತ್ತು ಮನೆಯವರ ಮಾತು, ಇವೆರಡೇ ವೈದ್ಯರಿಗೆ ಮುಖ್ಯ ಆಧಾರ. ರೋಗಿ ಕನ್ನಡದಲ್ಲಿ ಹೆದರುತ್ತಾನೆ, ತಾಯಿ ಕನ್ನಡದಲ್ಲಿ ಅಳುತ್ತಾಳೆ, ವೈದ್ಯರು ಮಲಯಾಳದಲ್ಲಿ ಕೇಳುತ್ತಾರೆ. ಈ ನಡುವಿನ ಅಂತರದಲ್ಲಿ ರೋಗದ ಅರ್ಧ ಚರಿತ್ರೆ ಕಳೆದುಹೋಗಬಾರದು. ಮನೆಯವರು ಏನನ್ನು ಗಮನಿಸಬೇಕು, ಹೇಗೆ ಮಾತನಾಡಬೇಕು, ಕಂಡದ್ದನ್ನು ವೈದ್ಯರಿಗೆ ಹೇಗೆ ತಲುಪಿಸಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಕನ್ನಡದ ವೈದ್ಯಸಾಹಿತ್ಯದಲ್ಲಿ ಇದಕ್ಕೆ ಇಚ್ಚಿತ್ತ ವಿಕಲತೆ, ಛಿದ್ರಮನಸ್ಕತೆ ಎಂಬ ಹೆಸರುಗಳಿವೆ. ಹೆಸರನ್ನು ಕೇಳಿ ಒಬ್ಬ ಮನುಷ್ಯನೊಳಗೆ ಇಬ್ಬರು ಇರುವ ಕಾಯಿಲೆಯೆಂದು ಭಾವಿಸುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಮಿದುಳಿನ ಕಾರ್ಯದಲ್ಲಿ ಏರುಪೇರಾಗಿ, ಹೊರಗೆ ನಡೆಯುತ್ತಿರುವುದು ಯಾವುದು, ಒಳಗೆ ಹುಟ್ಟಿದ್ದು ಯಾವುದು ಎಂಬ ವಿವೇಚನೆ ಕುಸಿಯುವುದು ಈ ರೋಗದ ತಿರುಳು. ಆಡುವವರಿಲ್ಲದೆಯೇ ಮಾತು ಕೇಳಿಸುತ್ತದೆ. ಯಾರೋ ಹಿಂಬಾಲಿಸುತ್ತಿದ್ದಾರೆ, ಮೊಬೈಲಿನ ಮೂಲಕ ತನ್ನ ಯೋಚನೆಯನ್ನು ಕದಿಯುತ್ತಿದ್ದಾರೆ ಎಂಬ ಕದಲದ ನಂಬಿಕೆ ಬೇರೂರುತ್ತದೆ. ಮಾತಿನ ಎಳೆ ತಪ್ಪಿ, ಒಂದು ವಾಕ್ಯಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲದಂತಾಗುತ್ತದೆ.

ಇವು ಎದ್ದು ಕಾಣುವ ಲಕ್ಷಣಗಳು. ಕಾಣದಂತೆ ಬರುವ ಲಕ್ಷಣಗಳೂ ಇವೆ: ಉತ್ಸಾಹ ಬತ್ತುವುದು, ಮುಖದಲ್ಲಿ ಭಾವನೆ ಕಾಣದಿರುವುದು, ಗೆಳೆಯರನ್ನು ತೊರೆಯುವುದು, ತನ್ನ ಮೈಮೇಲಿನ ಬಟ್ಟೆಯ ಬಗೆಗೂ ಗಮನವಿಲ್ಲದಿರುವುದು. ಮನೆಯವರು ಸೋಮಾರಿತನವೆಂದು ಬೈಯುವುದು ಹೆಚ್ಚಾಗಿ ಈ ಎರಡನೆಯ ಬಗೆಯ ಲಕ್ಷಣಗಳನ್ನೇ. ಮಾತ್ರೆಯಿಂದ ಮೊದಲನೆಯವು ಬೇಗ ತಗ್ಗುತ್ತವೆ, ಎರಡನೆಯವು ನಿಧಾನ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ರೋಗವಿದೆ. 2011ರ ಜನಗಣತಿಯಲ್ಲಿ ವಯನಾಡಿನ ಜನಸಂಖ್ಯೆ ಎಂಟು ಲಕ್ಷವನ್ನು ಮೀರಿತ್ತು. ಆ ಅಂದಾಜನ್ನೇ ಇಲ್ಲಿಗೂ ಹಿಡಿದು ಲೆಕ್ಕ ಹಾಕಿದರೆ ಈ ಪುಟ್ಟ ಜಿಲ್ಲೆಯಲ್ಲಿಯೇ ಎರಡೂವರೆ ಸಾವಿರಕ್ಕೂ ಹೆಚ್ಚು ಮಂದಿ ಇರಬೇಕು. ನಮ್ಮ ಮನೆಗೆ ಮಾತ್ರ ಬಂದ ಶಾಪವೆಂದು ಯಾರೂ ತಲೆತಗ್ಗಿಸಬೇಕಾಗಿಲ್ಲ. ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ ಇದು ಹೆಚ್ಚಾಗಿ ಆರಂಭವಾಗುತ್ತದೆ. ಹೆಣ್ಣುಮಕ್ಕಳಲ್ಲಿ ಕೆಲವು ವರ್ಷ ತಡವಾಗಿ ಕಾಣಿಸಿಕೊಳ್ಳುವುದುಂಟು. ಆನುವಂಶಿಕತೆಯ ಪಾಲು ಇದೆ. ಆದರೂ ತಂದೆ ಅಥವಾ ತಾಯಿಗೆ ರೋಗವಿದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗಷ್ಟೇ ಇದು ಬರುತ್ತದೆ, ಉಳಿದವರಿಗೆ ಬರುವುದಿಲ್ಲ. ಹದಿವಯಸ್ಸಿನಲ್ಲಿ ಹತ್ತುವ ಗಾಂಜಾ ಚಟ ಅಪಾಯವನ್ನು ಹೆಚ್ಚಿಸುತ್ತದೆ. ತಾಯಿ ಸಾಕಿದ ರೀತಿಯಿಂದ ಈ ರೋಗ ಬರುತ್ತದೆಂಬ ಹಳೆಯ ವಾದವನ್ನು ವೈದ್ಯವಿಜ್ಞಾನ ಎಂದೋ ಕೈಬಿಟ್ಟಿದೆ.

ದನಿ ಕೇಳಿಸಿದ್ದೆಲ್ಲ ಸ್ಕಿಜೋಫ್ರೇನಿಯಾ ಅಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. 2024ರ ಜುಲೈ 30ರ ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಂತಹ ದುರಂತದಲ್ಲಿ ಮನೆಮಂದಿಯನ್ನು ಕಳೆದುಕೊಂಡವರಿಗೆ ಅಗಲಿದವರ ದನಿ ಕೇಳಿದಂತಾಗುವುದು ದುಃಖದ ಸಹಜ ಭಾಗವಾಗಿರಬಹುದು. ತೀವ್ರ ಜ್ವರ, ಅಪಸ್ಮಾರ, ಕುಡಿತವನ್ನು ಹಠಾತ್ತನೆ ನಿಲ್ಲಿಸಿದ ನಂತರದ ದಿನಗಳು, ಥೈರಾಯಿಡ್ ತೊಂದರೆ, ಹೆರಿಗೆಯ ನಂತರದ ವಾರಗಳು, ಇವುಗಳಲ್ಲಿಯೂ ಇಂತಹ ಅನುಭವ ಕಾಣಿಸಬಹುದು. ಆದುದರಿಂದ ರೋಗಕ್ಕೆ ಹೆಸರಿಡುವ ಕೆಲಸ ವೈದ್ಯರದು; ಕಂಡದ್ದನ್ನು ಕಂಡಂತೆ ಹೇಳುವ ಕೆಲಸ ನಮ್ಮದು.

ವಾದಿಸಬೇಡಿ, ಒಪ್ಪಲೂ ಬೇಡಿ

ಮನೆಯವರಿಗೆ ಎದುರಾಗುವ ಮೊದಲ ಸಂಕಟ ಮಾತಿನದು. "ವಿಷ ಹಾಕಿದ್ದಾರೆ" ಎಂದು ಮಗ ಹೇಳಿದಾಗ, "ಹುಚ್ಚುಮಾತು ಬಿಡು" ಎಂದರೆ ಅವನ ದೃಷ್ಟಿಯಲ್ಲಿ ತಾಯಿಯೂ ಶತ್ರುಗಳ ಪಕ್ಷಕ್ಕೆ ಸೇರುತ್ತಾಳೆ. "ಹೌದು, ಪಕ್ಕದ ಮನೆಯವರೇ ಹಾಕಿರಬೇಕು" ಎಂದರೆ ಭ್ರಮೆಗೆ ಮನೆಯೇ ಸಾಕ್ಷಿ ನುಡಿದಂತಾಗುತ್ತದೆ. ಎರಡನ್ನೂ ಬಿಟ್ಟು, ಅವನ ಭಯಕ್ಕೆ ಉತ್ತರಿಸುವ ದಾರಿಯೊಂದಿದೆ.

"ಅಮ್ಮಾ, ಗೋಡೆಯ ಆಚೆಯಿಂದ ನನ್ನನ್ನು ಬೈಯುತ್ತಿದ್ದಾರೆ, ನಿನಗೆ ಕೇಳಿಸುತ್ತಿಲ್ಲವೇ?"

"ನನಗೆ ಆ ದನಿ ಕೇಳಿಸುತ್ತಿಲ್ಲ ಮಗಾ. ಆದರೆ ನಿನಗೆ ಕೇಳಿಸುತ್ತಿದೆ, ಅದರಿಂದ ನಿನಗೆ ಹೆದರಿಕೆಯಾಗಿದೆ ಎಂದು ತಿಳಿಯುತ್ತದೆ. ನಾನು ಇಲ್ಲಿಯೇ ಕುಳಿತಿರುತ್ತೇನೆ. ನಿದ್ದೆ ಬಾರದೆ ಎಷ್ಟು ದಿನವಾಯಿತು?"

ಈ ಉತ್ತರದಲ್ಲಿ ಸುಳ್ಳಿಲ್ಲ, ಜಗಳವೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇವಿಯರ್ ಅಮಡೋರ್ ಅವರ ಅಣ್ಣನಿಗೆ ಇದೇ ರೋಗವಿತ್ತು. ನಿನಗೆ ಕಾಯಿಲೆಯಿದೆಯೆಂದು ವರ್ಷಗಟ್ಟಲೆ ವಾದಿಸಿ ಸೋತ ಬಳಿಕ, ಮೊದಲು ಕೇಳಿಸಿಕೊಳ್ಳುವುದು, ಅವನ ನೋವನ್ನು ಅರಿತುಕೊಳ್ಳುವುದು, ಇಬ್ಬರೂ ಒಪ್ಪುವ ಒಂದು ಅಂಶವನ್ನು ಹುಡುಕುವುದು, ಅದರ ಮೇಲೆ ಜೊತೆಗೂಡಿ ಹೆಜ್ಜೆಯಿಡುವುದು ಎಂಬ ಕ್ರಮವನ್ನು ಅವರು ಬೋಧಿಸತೊಡಗಿದರು. ತನಗೆ ರೋಗವಿದೆಯೆಂಬ ಅರಿವೇ ಮೂಡದಿರುವುದು ಈ ರೋಗದ ಲಕ್ಷಣಗಳಲ್ಲಿ ಒಂದು. ಅದನ್ನು ಹಟಮಾರಿತನವೆಂದು ತಿಳಿಯಬಾರದು. "ನಿನಗೆ ತಲೆ ಕೆಟ್ಟಿದೆ, ಆಸ್ಪತ್ರೆಗೆ ನಡೆ" ಎಂಬ ಮಾತಿಗೆ ಬಗ್ಗದವನು, "ನಿದ್ದೆ ಇಲ್ಲದೆ ಬಳಲಿದ್ದೀಯ, ನಿದ್ದೆಗಾಗಿ ಡಾಕ್ಟರರನ್ನು ಕೇಳೋಣ" ಎಂಬ ಮಾತಿಗೆ ಬಂದಾನು. ಅವನು ನಿಜವಾಗಿ ನಿದ್ದೆಯಿಲ್ಲದೆ ಬಳಲುತ್ತಿರುವುದರಿಂದ ಇದು ಮೋಸವಲ್ಲ. ಆದರೆ ಮದುವೆ ಮನೆಗೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಇಳಿಸುವುದು, ಸಾರಿನಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವುದು ಮಾತ್ರ ಬೇಡ. ವಿಷ ಹಾಕಿದ್ದಾರೆಂದು ಮೊದಲೇ ಶಂಕಿಸುವವನಿಗೆ ಆ ಗುಟ್ಟು ಒಂದು ದಿನ ತಿಳಿದರೆ ಅವನ ಶಂಕೆ ನಿಜವೆಂದೇ ಆಗುತ್ತದೆ.

ಮಾತು ಚಿಕ್ಕದಾಗಿರಲಿ, ದನಿ ತಗ್ಗಿರಲಿ. ಒಮ್ಮೆಗೆ ಒಬ್ಬರೇ ಮಾತನಾಡಲಿ. ಅವನ ಎದುರಿನಲ್ಲಿ ಪಿಸುಗುಟ್ಟುವುದು, ಕಣ್ಸನ್ನೆ ಮಾಡುವುದು, ನಗುವುದು ಬೇಡ.

'ಶರಪಂಜರ' ತೋರಿಸಿದ ಸತ್ಯ

ಮೈಸೂರಿನ ಕಾದಂಬರಿಕಾರ್ತಿ ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು, ಅದನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು 1971ರಲ್ಲಿ ತೆರೆಗೆ ತಂದ ಚಿತ್ರವನ್ನು ನಮ್ಮ ಹಿಂದಿನ ತಲೆಮಾರು ಮರೆತಿಲ್ಲ. ಅಲ್ಲಿನ ಕಾವೇರಿ ಮಾನಸಿಕ ರೋಗದಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಮರಳಿದ ಮೇಲೆ ಅವಳನ್ನು ಕುಗ್ಗಿಸುವುದು ಸುತ್ತಲಿನವರ ಅನುಮಾನದ ನೋಟ, ಪಿಸುಮಾತು ಮತ್ತು ಗಂಡನ ಅನಾದರ. ಅವಳ ರೋಗ ಸ್ಕಿಜೋಫ್ರೇನಿಯಾ ಆಗಿರಲಿಲ್ಲವಾದರೂ ಪಾಠ ಒಂದೇ.

ಲಂಡನ್ನಿನಲ್ಲಿ 1950ರ ದಶಕದಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಮತ್ತು ಅವರ ಸಂಗಡಿಗರು ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗಳನ್ನು ಅನುಸರಿಸಿ ನೋಡತೊಡಗಿದರು. ಸದಾ ಟೀಕೆ, ಹಗೆ, ಅಥವಾ ಉಸಿರುಗಟ್ಟಿಸುವ ಅತಿಕಾಳಜಿ ಇರುವ ಮನೆಗಳಿಗೆ ಮರಳಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಆ ಸಾಲಿನ ಅಧ್ಯಯನಗಳು ತೋರಿಸಿದವು. ಮುಂದೆ ಚಂಡೀಗಢದಲ್ಲಿ ಇದೇ ಬಗೆಯ ಅಧ್ಯಯನ ನಡೆದಾಗ, ಅಲ್ಲಿನ ಕುಟುಂಬಗಳಲ್ಲಿ ಇಂತಹ ಕಟುತನ ಲಂಡನ್ನಿಗಿಂತ ಕಡಿಮೆಯೆಂದು ಕಂಡುಬಂತು. ಅತಿಕಾಳಜಿಯೂ ಈ ಪಟ್ಟಿಯಲ್ಲಿರುವುದನ್ನು ತಾಯಂದಿರು ಗಮನಿಸಬೇಕು. ಮೂವತ್ತು ವರ್ಷದ ಮಗನಿಗೆ ತುತ್ತು ಕಲಸಿ ಕೊಡುವುದು, ಅವನ ಪ್ರತಿ ಹೆಜ್ಜೆಯನ್ನು ಕಾಯುವುದು ಪ್ರೀತಿಯಿಂದಲೇ ಆಗಿರಬಹುದು. ಆದರೂ ಅದು ಅವನನ್ನು ರೋಗಿಯಾಗಿಯೇ ಇರಿಸುತ್ತದೆ.

ನಮ್ಮ ದೇಶದ ಮನೋವೈದ್ಯರು ಕುಟುಂಬದ ಈ ಶಕ್ತಿಯನ್ನು ಬಹುಬೇಗ ಕಂಡುಕೊಂಡರು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲಿ ಆವರಣದೊಳಗೆ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನು ಜೊತೆಯಲ್ಲಿಯೇ ಉಳಿಸಿಕೊಂಡು ಚಿಕಿತ್ಸೆ ನೀಡಿದರು. ಮಂಗಳೂರಿನಲ್ಲಿ ಹುಟ್ಟಿ, ಭಾರತದ ಮೊದಲ ಮಹಿಳಾ ಮನೋವೈದ್ಯೆಯೆಂದು ಹೆಸರಾದ ಡಾ. ಶಾರದಾ ಮೆನನ್ ಅವರು 1984ರಲ್ಲಿ ಚೆನ್ನೈಯಲ್ಲಿ ಸ್ಕಿಜೋಫ್ರೇನಿಯಾ ರಿಸರ್ಚ್ ಫೌಂಡೇಶನ್ ಸ್ಥಾಪಿಸಿ, ರೋಗಿಗಳಿಗೆ ಕೆಲಸ ಕಲಿಸಿ ಮನೆ ಮತ್ತು ಸಮಾಜಕ್ಕೆ ಮರಳಿಸುವ ಕಾರ್ಯಕ್ಕೆ ಬುನಾದಿ ಹಾಕಿದರು.

ವೈದ್ಯರ ಮುಂದೆ ನಮ್ಮ ಕನ್ನಡ

ಇನ್ನು ನಮಗೇ ವಿಶೇಷವಾದ ಪ್ರಶ್ನೆಗೆ ಬರೋಣ. ಆಸ್ಪತ್ರೆಯಲ್ಲಿ "ಏನು ತೊಂದರೆ" ಎಂದು ಕೇಳಿದಾಗ "ತಲೆ ಸರಿಯಿಲ್ಲ", "ಮಂಕು ಹಿಡಿದಿದೆ", "ಗಾಳಿ ಸೋಕಿದೆ" ಎನ್ನುತ್ತೇವೆ. ಇವು ನಾವು ಕೊಟ್ಟ ತೀರ್ಪುಗಳು. ವೈದ್ಯರಿಗೆ ಬೇಕಾದ ಸಾಕ್ಷ್ಯ ಇವುಗಳಲ್ಲಿ ಇಲ್ಲ. ಭಾಷೆ ಬದಲಾದಾಗ ಅಪಾಯ ಇನ್ನೂ ಹೆಚ್ಚು. ಕನ್ನಡದಲ್ಲಿ ಭ್ರಾಂತಿ ಎಂದರೆ ಇಲ್ಲದ್ದನ್ನು ಇದೆಯೆಂದು ಭಾವಿಸುವುದು. ಮಲಯಾಳದಲ್ಲಿ ಅದೇ ಮೂಲದ ಭ್ರಾಂತ್ ಎಂಬ ಮಾತಿಗೆ ಹುಚ್ಚು ಎಂದೇ ಅರ್ಥ. ಬೈಗುಳವಾಗಿಯೂ ಅದು ಬಳಕೆಯಲ್ಲಿದೆ. ನಾವು ಮೃದುವಾಗಿ ಆಡಿದ ಮಾತು ಕೇಳುವವರಿಗೆ ಕಠೋರವಾಗಿ ತಲುಪೀತು, ಪಕ್ಕದಲ್ಲಿ ಕುಳಿತ ರೋಗಿಯೂ ಅದನ್ನು ಕೇಳಿಸಿಕೊಂಡಾನು.

ಇದಕ್ಕೆ ಪರಿಹಾರ ಒಂದು ನೋಟುಪುಸ್ತಕ. ಮೊದಲ ಬದಲಾವಣೆ ಕಂಡ ತಿಂಗಳಿನಿಂದ ಕನ್ನಡದಲ್ಲಿಯೇ ಬರೆಯುತ್ತ ಹೋಗಿ. ನಿದ್ದೆ ಯಾವಾಗ ಕೆಟ್ಟಿತು, ಕಾಲೇಜು ಅಥವಾ ಕೆಲಸ ಯಾವಾಗ ನಿಂತಿತು, ಊಟ ಎಷ್ಟು, ಯಾವ ಮಾತನ್ನು ಪದೇ ಪದೇ ಆಡುತ್ತಾನೆ, ಯಾರಾದರೂ ಮಾತನಾಡುತ್ತಿರುವಂತೆ ಕಿವಿಗೊಡುತ್ತಾನೆಯೇ, ಕುಡಿತ ಅಥವಾ ಗಾಂಜಾ ಇದೆಯೇ, ಜ್ವರ ಅಥವಾ ತಲೆಗೆ ಪೆಟ್ಟು ಆಗಿತ್ತೇ, ಬಂಧುಗಳಲ್ಲಿ ಯಾರಿಗಾದರೂ ಇಂತಹ ರೋಗವಿತ್ತೇ, ಈಗಾಗಲೇ ಯಾವ ಮಾತ್ರೆ ಕೊಟ್ಟಿದೆ, ಇಷ್ಟು ಸಾಕು. ರೋಗಿಯ ಮಾತನ್ನು ಬರೆಯುವಾಗ ಅವನು ಆಡಿದ ಪದಗಳನ್ನೇ ಬರೆಯಿರಿ. "ಸಂಶಯ ಜಾಸ್ತಿ" ಎಂಬುದಕ್ಕಿಂತ "ಅಂಗಡಿಯವರು ನನ್ನ ಯೋಚನೆಯನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎಂದ" ಎಂಬ ಒಂದು ಸಾಲು ವೈದ್ಯರಿಗೆ ನೂರು ಪಾಲು ಉಪಯುಕ್ತ. ಎರಡೂ ಭಾಷೆ ಬಲ್ಲ ಹಿರಿಯರೊಬ್ಬರಿಂದ ಅದನ್ನು ಒಂದೇ ಪುಟದಷ್ಟು ಮಲಯಾಳಕ್ಕೋ ಇಂಗ್ಲಿಷಿಗೋ ಬರೆಸಿ, ಮೂಲದ ಜೊತೆ ಒಯ್ಯಿರಿ.

ಇಲ್ಲಿ ಪೋಷಕರಲ್ಲಿ ನಮ್ಮದೊಂದು ಮನವಿ. ಮನೆಯಲ್ಲಿ ಮಲಯಾಳ ಚೆನ್ನಾಗಿ ಬಲ್ಲವರು ಶಾಲೆಗೆ ಹೋಗುವ ಮಕ್ಕಳೇ ಆಗಿರುವುದರಿಂದ, ಕಚೇರಿಯ ಅರ್ಜಿಯಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಅವರನ್ನೇ ಮುಂದೆ ಮಾಡುವ ರೂಢಿ ನಮ್ಮಲ್ಲಿದೆ. ಈ ಒಂದು ಕೋಣೆಗೆ ಮಾತ್ರ ಮಗುವನ್ನು ದುಭಾಷಿಯಾಗಿ ಒಯ್ಯಬೇಡಿ. ತನ್ನ ತಾಯಿಯೋ ಚಿಕ್ಕಪ್ಪನೋ ಸಾಯಬೇಕೆಂದುಕೊಂಡ ಮಾತನ್ನು ಎಂಟನೆಯ ತರಗತಿಯ ಹುಡುಗಿ ಅನುವಾದಿಸುವಂತಾಗಬಾರದು. ಮಗು ನಾಚಿಕೆಯಿಂದಲೋ ಭಯದಿಂದಲೋ ಅರ್ಧ ಮಾತನ್ನು ನುಂಗುತ್ತದೆ, ರೋಗಿಯೂ ಮಗುವಿನ ಎದುರಿನಲ್ಲಿ ಮನಸ್ಸು ಬಿಚ್ಚುವುದಿಲ್ಲ. ನಂಬಿಕೆಯ ಬಂಧು, ಆಶಾ ಕಾರ್ಯಕರ್ತೆ, ಅಥವಾ ರೋಗಿಯ ಒಪ್ಪಿಗೆ ಪಡೆದು ಕನ್ನಡ ಬಲ್ಲ ಶಿಕ್ಷಕರೊಬ್ಬರು ಆ ಕೆಲಸ ಮಾಡಲಿ.

ಭಾಷೆಯ ವಿಷಯದಲ್ಲಿ ಕಾನೂನು ನಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 22ನೆಯ ಸೆಕ್ಷನ್ನಿನಂತೆ, ರೋಗದ ಸ್ವರೂಪ ಮತ್ತು ಚಿಕಿತ್ಸೆಯ ಮಾಹಿತಿಯನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವುದು ರೋಗಿಯ ಹಕ್ಕು. "ನನಗೆ ಮಲಯಾಳ ಪೂರ್ತಿ ತಿಳಿಯುವುದಿಲ್ಲ, ಕನ್ನಡ ಬಲ್ಲವರು ಇದ್ದಾರೆಯೇ" ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದ್ದು, ಕನ್ನಡವೂ ಅದರಲ್ಲಿದೆ. ಆಸ್ಪತ್ರೆಗೆ ಹೋಗುವ ಮುನ್ನ ಮನೆಯವರು ಸಲಹೆ ಪಡೆಯುವುದಕ್ಕೂ ಇದು ಒದಗುತ್ತದೆ. ಓದಿ ತಿಳಿಯಬಯಸುವವರಿಗೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ಕುರಿತು ಸರಳ ಕನ್ನಡದಲ್ಲಿ ಬರೆದ ಹಲವಾರು ಪುಸ್ತಕಗಳಿವೆ.

ಎಲ್ಲಿಗೆ ಹೋಗಬೇಕು

ಮೊದಲ ಮೆಟ್ಟಿಲು ಊರಿನ ಕುಟುಂಬ ಆರೋಗ್ಯ ಕೇಂದ್ರ ಮತ್ತು ಆಶಾ ಕಾರ್ಯಕರ್ತೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಗದಿತ ದಿನಗಳಲ್ಲಿ ಸರಕಾರಿ ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುತ್ತದೆ, ಮಾತ್ರೆಗಳನ್ನು ಉಚಿತವಾಗಿ ಕೊಡುತ್ತದೆ. ನಿಮ್ಮ ಊರಿಗೆ ಹತ್ತಿರದ ಕ್ಲಿನಿಕ್ ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಾನಂತವಾಡಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಕಲ್ಪೆಟ್ಟದ ಜನರಲ್ ಆಸ್ಪತ್ರೆ, ಸುಲ್ತಾನ್ ಬತ್ತೇರಿ ಮತ್ತು ವೈತ್ತಿರಿಯ ತಾಲೂಕು ಆಸ್ಪತ್ರೆಗಳು ಮುಂದಿನ ಮೆಟ್ಟಿಲು. ದಾಖಲಾತಿ ಬೇಕಾದವರಿಗೆ ಕೋಝಿಕ್ಕೋಡಿನಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ 1872ರಲ್ಲಿ ಆರಂಭವಾದ ಕುದಿರವಟ್ಟಂ ಸರಕಾರಿ ಮಾನಸಿಕ ಆರೋಗ್ಯ ಕೇಂದ್ರವೂ ಇವೆ.

ಕನ್ನಡದಲ್ಲಿ ಮಾತನಾಡಬಹುದೆಂಬ ಕಾರಣಕ್ಕೆ ಮೈಸೂರಿಗೆ ಹೋಗಬಯಸುವವರು ನಮ್ಮಲ್ಲಿ ಹಲವರು. ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಚಿಕಿತ್ಸೆ ವರ್ಷಗಟ್ಟಲೆ ನಡೆಯುವಂಥದ್ದು. ತಿಂಗಳಿಗೊಮ್ಮೆ ಮೈಸೂರಿನ ಬಸ್ಸು ಹಿಡಿಯಲಾಗದೆ ಮಾತ್ರೆ ನಿಲ್ಲುವುದೇ ದೊಡ್ಡ ಅಪಾಯ. ಅಲ್ಲಿ ರೋಗನಿರ್ಣಯ ಮಾಡಿಸಿಕೊಂಡರೂ, ಮಾತ್ರೆಗಳ ಹೆಸರು ಮತ್ತು ಪ್ರಮಾಣ ಸ್ಪಷ್ಟವಾಗಿರುವ ಚೀಟಿಯನ್ನು ಪಡೆದು, ತಿಂಗಳ ಔಷಧಿಯನ್ನು ಇಲ್ಲಿನ ಕ್ಲಿನಿಕ್‌ನಿಂದ ಮುಂದುವರಿಸುವುದು ಲೇಸು. ಮುತ್ತಂಗದಿಂದ ಗುಂಡ್ಲುಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಬಂಡೀಪುರ ಅರಣ್ಯದ ಮೂಲಕ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಆಂಬುಲೆನ್ಸಿಗೆ ವಿನಾಯಿತಿಯಿದ್ದರೂ, ರಾತ್ರಿಯ ತುರ್ತಿನಲ್ಲಿ ಹತ್ತಿರದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ.

ದೂರದ ಮಹಾನಗರಕ್ಕೆ ಹೋದರೆ ಮಾತ್ರ ಗುಣವೆಂಬ ನಂಬಿಕೆಗೆ ಮಲೆನಾಡಿನಲ್ಲಿಯೇ ಉತ್ತರವಿದೆ. ನಮ್ಮಂತೆಯೇ ಬೆಟ್ಟ, ಮಳೆ ಮತ್ತು ಅಡಕೆ ತೋಟಗಳ ನಾಡಾದ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ತಜ್ಞರು 2005ರಿಂದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹಳ್ಳಿಗಳಲ್ಲಿಯೇ ಗುರುತಿಸಿ, ಸ್ಥಳೀಯ ಆರೋಗ್ಯ ವ್ಯವಸ್ಥೆಯ ಮೂಲಕವೇ ಚಿಕಿತ್ಸೆ ಒದಗಿಸುವ ಕಾರ್ಯಕ್ರಮ ನಡೆಸಿದರು. ಚಿಕಿತ್ಸೆ ಪಡೆದವರ ಅಸಾಮರ್ಥ್ಯ ಗಮನಾರ್ಹವಾಗಿ ತಗ್ಗಿತು, ಪಡೆಯದೆ ಉಳಿದವರ ಸ್ಥಿತಿ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ವರ್ಷಗಟ್ಟಲೆ ತಡವಾಗಿ ಮಾತ್ರೆ ಆರಂಭಿಸಿದವರಿಗೂ ಪ್ರಯೋಜನವಾಯಿತೆಂಬುದು ಇದರ ಸಮಾಧಾನಕರ ಅಂಶ.

ಮಾತ್ರೆ, ನಂಬಿಕೆ ಮತ್ತು ಸರಪಳಿ

ಈ ರೋಗದ ಮಾತ್ರೆಗಳು ಬರಿಯ ನಿದ್ದೆಮಾತ್ರೆಗಳಲ್ಲ, ಚಟ ಹತ್ತಿಸುವಂಥವೂ ಅಲ್ಲ. ನಿದ್ದೆ ಮತ್ತು ಗಾಬರಿ ಕೆಲವೇ ದಿನಗಳಲ್ಲಿ ಹತೋಟಿಗೆ ಬಂದರೂ, ದನಿ ಮತ್ತು ಭ್ರಮೆ ತಗ್ಗಲು ವಾರಗಳೇ ಬೇಕಾಗುತ್ತವೆ. ಗುಣವಾಯಿತೆಂದು ಮನೆಯವರೇ ಮಾತ್ರೆ ನಿಲ್ಲಿಸುವುದು ರೋಗ ಮರುಕಳಿಸುವುದಕ್ಕೆ ಬಹು ಮುಖ್ಯ ಕಾರಣ. ಮೊದಲ ಬಾರಿಯ ರೋಗವಾದರೂ ಗುಣಕಂಡ ಮೇಲೆ ಒಂದೆರಡು ವರ್ಷವಾದರೂ ಮಾತ್ರೆ ಮುಂದುವರಿಸಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಕೈ ನಡುಗುವುದು, ಮೈ ಬಿಗಿಯುವುದು, ಜೊಲ್ಲು ಸುರಿಯುವುದು, ಕುಳಿತಲ್ಲಿ ಕುಳಿತಿರಲಾಗದ ಚಡಪಡಿಕೆ, ತೂಕ ಏರುವುದು, ಮುಟ್ಟು ತಪ್ಪುವುದು, ಇವು ಅಡ್ಡಪರಿಣಾಮಗಳಾಗಿರಬಹುದು. ಇವುಗಳನ್ನು ಸಹಿಸಿಕೊಂಡು ಸುಮ್ಮನಿರಬಾರದು, ಮಾತ್ರೆಯನ್ನು ತಾನಾಗಿ ಬಿಡಲೂಬಾರದು. ವೈದ್ಯರಿಗೆ ತಿಳಿಸಿದರೆ ಪ್ರಮಾಣ ತಗ್ಗಿಸಬಹುದು, ಮಾತ್ರೆ ಬದಲಿಸಬಹುದು. ದಿನವೂ ನುಂಗಲಾಗದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದೂ ಇದೆ.

ದೇವರಿಗೆ ಹರಕೆ ಹೊತ್ತು, ಕುಲದೈವಕ್ಕೆ ಕೈಮುಗಿದು ಮನೆಯವರು ನೆಮ್ಮದಿ ಪಡೆಯುವುದಕ್ಕೆ ಯಾವ ವೈದ್ಯರೂ ಅಡ್ಡಿ ಹೇಳುವುದಿಲ್ಲ. ಪೂಜೆಯ ಜೊತೆಗೆ ಮಾತ್ರೆಯೂ ನಡೆಯಲಿ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡಹುವುದು, ಕಟ್ಟಿಹಾಕುವುದು ಮಾತ್ರ ಕೂಡದು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಆಶ್ರಮದಂತಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ಮಾನಸಿಕ ರೋಗಿಗಳು ಓಡಲಾರದೆ ಸುಟ್ಟುಹೋದರು. 28 ಮಂದಿ ಸತ್ತರು. 2017ರ ಕಾಯಿದೆಯ 95ನೆಯ ಸೆಕ್ಷನ್ ಯಾವುದೇ ರೂಪದಲ್ಲಿ ಸರಪಳಿ ತೊಡಿಸುವುದನ್ನು ನಿಷೇಧಿಸಿದೆ. ಹಾಗೆಯೇ, ಮದುವೆ ಮಾಡಿದರೆ ಸರಿಹೋಗುತ್ತದೆಂಬ ಮಾತಿಗೂ ಕಿವಿಗೊಡಬಾರದು. ಮದುವೆ ಚಿಕಿತ್ಸೆಯಲ್ಲ, ರೋಗವನ್ನು ಮುಚ್ಚಿಟ್ಟು ಮಾಡಿದ ಮದುವೆಯಿಂದ ಎರಡು ಮನೆಗಳು ನೋಯುತ್ತವೆ.

ತುರ್ತು ಸಂದರ್ಭ

ಈ ರೋಗವುಳ್ಳವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಮಾಡುವವರಲ್ಲ. ಅವರೇ ಇತರರ ಹೊಡೆತ ಮತ್ತು ವಂಚನೆಗೆ ಗುರಿಯಾಗುವುದು ಹೆಚ್ಚು. ಅವರ ಜೀವಕ್ಕಿರುವ ದೊಡ್ಡ ಅಪಾಯವೆಂದರೆ ಆತ್ಮಹತ್ಯೆ. ಸುಮಾರು ನೂರಕ್ಕೆ ಐದು ಮಂದಿ ಹೀಗೆ ಸಾಯುತ್ತಾರೆಂಬುದು ಅಧ್ಯಯನಗಳ ಅಂದಾಜು. "ಸಾಯಬೇಕೆನಿಸುತ್ತದೆಯೇ" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳುವ ಬಾಗಿಲು ತೆರೆಯುತ್ತದೆ. ಕಾಫಿ, ಕಾಳುಮೆಣಸು, ಬಾಳೆ ಬೆಳೆಯುವ ನಮ್ಮ ಮನೆಗಳಲ್ಲಿ ಕೀಟನಾಶಕವನ್ನು ಹಿತ್ತಿಲ ಕೋಣೆಯಲ್ಲಿ ತೆರೆದಿಡುವ ರೂಢಿಯಿದೆ. ಅದನ್ನು ಬೀಗದೊಳಗಿಡಿ, ಅಥವಾ ಸದ್ಯಕ್ಕೆ ಮನೆಯಿಂದ ಹೊರಗೆ ಸಾಗಿಸಿ. ಮಾತ್ರೆಗಳನ್ನು ಮನೆಯ ಹಿರಿಯರೊಬ್ಬರು ಇಟ್ಟುಕೊಳ್ಳಲಿ.

ದನಿಗಳು ಹೊಡೆ, ಸಾಯಿ ಎಂದು ಆಜ್ಞಾಪಿಸುತ್ತಿದ್ದರೆ, ದಿನಗಟ್ಟಲೆ ಅನ್ನನೀರು ಬಿಟ್ಟಿದ್ದರೆ, ಮೈ ಮರಗಟ್ಟಿದಂತೆ ಮಾತಿಲ್ಲದೆ ಕುಳಿತುಬಿಟ್ಟಿದ್ದರೆ, ಮಾತ್ರೆ ಆರಂಭಿಸಿದ ಮೇಲೆ ತೀವ್ರ ಜ್ವರದೊಂದಿಗೆ ಮೈ ಬಿಗಿದರೆ, ಮರುದಿನದವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿ. ಸಲಹೆಗೆ 14416 ಅಥವಾ ಕೇರಳದ ದಿಶ ಸಹಾಯವಾಣಿ 1056 ಇವೆ. ರೋಗಿ ಉದ್ವಿಗ್ನನಾಗಿದ್ದಾಗ ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಸುತ್ತುವರಿಯಬೇಡಿ, ಟಿ.ವಿ. ಆರಿಸಿ, ಮಕ್ಕಳನ್ನು ಬೇರೆ ಮನೆಗೆ ಕಳುಹಿಸಿ. ದಾರಿ ತಪ್ಪಿ ಅಲೆಯುತ್ತಿರುವ ರೋಗಿಯನ್ನು ರಕ್ಷಿಸಿ ಸರಕಾರಿ ಆಸ್ಪತ್ರೆಗೆ ತಲುಪಿಸುವುದು ಅದೇ ಕಾಯಿದೆಯ 100ನೆಯ ಸೆಕ್ಷನ್ನಿನಂತೆ ಪೊಲೀಸರ ಕರ್ತವ್ಯ.

ಮಕ್ಕಳು, ಕೆಲಸ, ಆಸರೆ

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಸತ್ಯವನ್ನು ವಯಸ್ಸಿಗೆ ತಕ್ಕಂತೆ ಹೇಳಬೇಕು. "ಮಾವನಿಗೆ ಮಿದುಳಿನ ಕಾಯಿಲೆ ಇದೆ. ಇಲ್ಲದ ಮಾತು ಅವರಿಗೆ ಕೇಳಿಸುತ್ತದೆ. ಡಾಕ್ಟರರು ಔಷಧಿ ಕೊಡುತ್ತಿದ್ದಾರೆ. ಇದು ನಿನ್ನಿಂದ ಬಂದದ್ದಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ." ಇಷ್ಟು ಸಾಕು. ಹೇಳದಿದ್ದರೆ ಮಗು ತಾನೇ ಕಾರಣವೆಂದು ಭಾವಿಸಿಕೊಳ್ಳುತ್ತದೆ. ನಂಬಿಕೆಯ ಒಬ್ಬ ಶಿಕ್ಷಕರಿಗೆ ವಿಷಯ ತಿಳಿದಿದ್ದರೆ, ಮನೆಪಾಠ ತಪ್ಪಿದ ದಿನ ಮಗುವಿಗೆ ಗದರಿಕೆಯ ಬದಲು ಆಸರೆ ಸಿಗುತ್ತದೆ. ಶಿಕ್ಷಕರೂ ಮೇಲಿನ ತರಗತಿಗಳಲ್ಲಿ ಚೆನ್ನಾಗಿ ಓದುತ್ತಿದ್ದ ವಿದ್ಯಾರ್ಥಿ ಹಠಾತ್ತನೆ ಒಂಟಿಯಾಗಿ, ಸಂಶಯಗ್ರಸ್ತನಾಗಿ ಹಿಂದೆ ಬಿದ್ದರೆ ಪೋಷಕರನ್ನು ಗುಟ್ಟಾಗಿ ಕರೆದು ಮಾತನಾಡುವುದು ಒಳಿತು.

ಗುಣಕಾಣುತ್ತಿರುವವರಿಗೆ ದಿನಚರಿಯೇ ಊರುಗೋಲು. ಎಲ್ಲ ಕೆಲಸವನ್ನೂ ಒಮ್ಮೆಗೆ ಹೊರಿಸದೆ, ಏನನ್ನೂ ಕೊಡದೆ ಮೂಲೆಗೆ ಕೂರಿಸದೆ, ಕೋಳಿಗೆ ಕಾಳು ಹಾಕುವುದು, ಕಾಫಿ ಒಣಹಾಕುವುದು, ಕಾಳುಮೆಣಸು ಬಿಡಿಸುವುದು ಹೀಗೆ ದಿನಕ್ಕೊಂದು ಮುಗಿಯುವ ಕೆಲಸ ಕೊಡಿ. ಮುಗಿಸಿದಾಗ ಒಂದು ಒಳ್ಳೆಯ ಮಾತು ಆಡಿ. ಕನಿಷ್ಠ ಮೂವರಲ್ಲಿ ಒಬ್ಬರು ಪೂರ್ಣವಾಗಿ ಚೇತರಿಸಿಕೊಳ್ಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರಲ್ಲಿ ಬಹಳ ಮಂದಿ ಔಷಧಿಯೊಂದಿಗೆ ದುಡಿದು ಬದುಕುತ್ತಾರೆ.

ದೀರ್ಘಕಾಲದ ಮಾನಸಿಕ ರೋಗವನ್ನು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಅಸಾಮರ್ಥ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚೆಂದು ವೈದ್ಯಕೀಯ ಮಂಡಳಿ ದೃಢೀಕರಿಸಿದರೆ ಪ್ರಮಾಣಪತ್ರ, ಪಿಂಚಣಿ ಮೊದಲಾದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಹಾಸಿಗೆ ಹಿಡಿದವರನ್ನೂ ಮಾನಸಿಕ ರೋಗಿಗಳನ್ನೂ ನೋಡಿಕೊಳ್ಳುವ ಮನೆಯವರಿಗಾಗಿ ಕೇರಳ ಸರಕಾರದ ಆಶ್ವಾಸಕಿರಣಂ ಯೋಜನೆಯಿದೆ. ಮೈಸೂರಿನಲ್ಲಿ ಚಿಕಿತ್ಸೆ ಪಡೆಯುವವರೂ ಇಲ್ಲಿನ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ವಾರ್ಡ್ ಸದಸ್ಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ದಾರಿ ತೋರಬಲ್ಲರು.

ಕೊನೆಯದಾಗಿ, ನೋಡಿಕೊಳ್ಳುವವರನ್ನೂ ನೋಡಿಕೊಳ್ಳುವವರು ಬೇಕು. ಹೆಚ್ಚಿನ ಮನೆಗಳಲ್ಲಿ ಆ ಭಾರ ತಾಯಿ, ಹೆಂಡತಿ ಅಥವಾ ಅಕ್ಕನ ಮೇಲೆ ಬೀಳುತ್ತದೆ. ಅವಳ ನಿದ್ದೆ, ಅವಳ ರಕ್ತದೊತ್ತಡ, ಅವಳ ಕಣ್ಣೀರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ವಾರಕ್ಕೊಂದು ದಿನ ಬೇರೊಬ್ಬರು ಮನೆಯಲ್ಲಿ ಉಳಿದು ಅವಳನ್ನು ಹೊರಗೆ ಕಳುಹಿಸಬೇಕು. ನೆರೆಯವರಾದ ನಮಗೂ ಒಂದು ಕರ್ತವ್ಯವಿದೆ. ಜ್ವರ ಬಂದ ಮನೆಗೆ ಗಂಜಿ ಒಯ್ಯುವ ನಾವು, ಮನಸ್ಸು ನೊಂದ ಮನೆಯ ಮುಂದೆ ಮಾತ್ರ ಹೆಜ್ಜೆ ಚುರುಕು ಮಾಡುತ್ತೇವೆ. ಅಂಗಳಕ್ಕೆ ಹೋಗಿ, ರೋಗದ ವಿಚಾರವೆತ್ತದೆ, "ಹೇಗಿದ್ದೀರಿ" ಎಂದು ನಮ್ಮ ಮಾತಿನಲ್ಲಿ ಕೇಳಿ, ಕುಳಿತು ಒಂದು ಲೋಟ ಕಾಫಿ ಕುಡಿದು ಬರೋಣ. ಭಾಷೆಯಲ್ಲಿ ಅಲ್ಪಸಂಖ್ಯಾತರಾದ ನಮ್ಮ ನಡುವೆ ರೋಗದಿಂದ ಇನ್ನಷ್ಟು ಒಂಟಿಯಾದವರಿಗೆ ಅಷ್ಟು ಮಾತಾದರೂ ಕೇಳಿಸುತ್ತಿರಲಿ.